ಮಲೆನಾಡಿನ ಮಳೆಗಾಲದಲ್ಲಿ ಗೃಹಸ್ಥರ ವರ್ಷಾವಾಸ: ಆಷಾಢದಿಂದ ಭೂಮಿ ಹುಣ್ಣಿಮೆಯವರೆಗಿನ ಸಮಗ್ರ ಮಾರ್ಗದರ್ಶಿ

ಬುದ್ಧನ ಉಪದೇಶಗಳನ್ನು ಓದಿ ಮೆಚ್ಚಿಕೊಂಡವರು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಕಡಿಮೆಯೇನಿಲ್ಲ. ಮೆಚ್ಚಿಕೊಂಡದ್ದನ್ನು ದಿನಚರಿಗೆ ತರಲು ಹೊರಟಾಗ ಮಾತ್ರ ಎಲ್ಲಿಂದ ಹಿಡಿಯಬೇಕು, ಎಷ್ಟು ದಿನ ಮಾಡಬೇಕು ಎಂಬುದು ಹೆಚ್ಚಿನವರಿಗೆ ತೋಚುವುದಿಲ್ಲ. ಇಂದಿನಿಂದ ಜೀವನಪೂರ್ತಿ ಎಂದು ಕೈಗೊಂಡ ನಿಯಮ ವಾರ ಕಳೆಯುವಷ್ಟರಲ್ಲಿ ಸಡಿಲವಾಗುವುದು ಎಲ್ಲರ ಅನುಭವ. ಬೌದ್ಧ ಪರಂಪರೆಯಲ್ಲಿ ಇದಕ್ಕೆ ಸಿದ್ಧವಾದ ಒಂದು ವ್ಯವಸ್ಥೆಯಿದೆ. ಮಳೆಗಾಲದ ಮೂರು ತಿಂಗಳು ಒಂದೆಡೆ ನೆಲೆನಿಂತು ಸಾಧನೆ ಮಾಡುವ ಆ ಕ್ರಮಕ್ಕೆ ವರ್ಷಾವಾಸ ಎಂದು ಹೆಸರು. ಅದನ್ನು ರೂಪಿಸಿದ್ದು ಭಿಕ್ಷುಗಳಿಗಾಗಿ ಎಂಬುದು ನಿಜವಾದರೂ, ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಳೆಯೇ ದಿನಚರಿಯನ್ನು ನಿರ್ಧರಿಸುವ ನಮ್ಮ ಸೀಮೆಯ ಗೃಹಸ್ಥರಿಗೆ ಇದಕ್ಕಿಂತ ಒಪ್ಪುವ ಚೌಕಟ್ಟು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಭಿಕ್ಷುಗಳ ನಿಯಮಗಳ ಸಂಗ್ರಹವಾದ ವಿನಯಪಿಟಕದ ಮಹಾವಗ್ಗದಲ್ಲಿ ಈ ನಿಯಮ ಹುಟ್ಟಿದ ಸಂದರ್ಭ ದಾಖಲಾಗಿದೆ. ಬುದ್ಧ ರಾಜಗೃಹದ ವೇಣುವನದಲ್ಲಿದ್ದಾಗ ಭಿಕ್ಷುಗಳು ಬೇಸಿಗೆ, ಮಳೆ, ಚಳಿ ಎನ್ನದೆ ಸಂಚರಿಸುತ್ತಿದ್ದರು. ಹಸಿರನ್ನು ತುಳಿಯುತ್ತಾ, ಸಣ್ಣಪುಟ್ಟ ಜೀವಿಗಳನ್ನು ಕೊಲ್ಲುತ್ತಾ ಮಳೆಯಲ್ಲೂ ಹೀಗೆ ತಿರುಗುವುದೇ, ಹಕ್ಕಿಗಳು ಸಹ ಮರದ ತುದಿಯಲ್ಲಿ ಗೂಡು ಕಟ್ಟಿಕೊಂಡು ಮಳೆಗಾಲ ಕಳೆಯುತ್ತವಲ್ಲ ಎಂದು ಜನ ಆಕ್ಷೇಪಿಸಿದರು. ಬುದ್ಧ ಆ ಆಕ್ಷೇಪವನ್ನು ಒಪ್ಪಿ ಮಳೆಗಾಲದ ವಾಸವನ್ನು ವಿಧಿಸಿದ. ಜನಸಾಮಾನ್ಯರ ದೂರಿನಿಂದ ಹುಟ್ಟಿದ ನಿಯಮ ಜನಸಾಮಾನ್ಯರಿಗೂ ಉಪಯೋಗಕ್ಕೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಬೌದ್ಧ ಆಚರಣೆ ಈ ನೆಲಕ್ಕೆ ಹೊಸದು ಎಂದು ಅಳುಕುವವರಿಗೆ ಒಂದು ಮಾತು. ಸೊರಬಕ್ಕೆ ತಾಗಿಕೊಂಡೇ ಇರುವ ಬನವಾಸಿಗೆ, ಅಂದರೆ ಆಗಿನ ವನವಾಸ ಪ್ರದೇಶಕ್ಕೆ, ರಕ್ಖಿತನೆಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ಧರ್ಮಪ್ರಸಾರಕ್ಕೆ ಕಳುಹಿಸಲಾಯಿತು ಎಂದು ಸಿಂಹಳದ ಇತಿಹಾಸ ಗ್ರಂಥವಾದ ಮಹಾವಂಸ ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿಯೂ ಬೌದ್ಧ ವಿಹಾರವಿತ್ತು. ಅಲ್ಲಿನ ಬೌದ್ಧ ದೇವತೆ ತಾರಾ ಭಗವತಿಯ ಪೂಜೆಯನ್ನು ಶಾಸನಗಳು ಉಲ್ಲೇಖಿಸುತ್ತವೆ. ಹೊಸತಾಗಿ ಏನನ್ನೋ ತಂದು ಹೇರುತ್ತಿದ್ದೇವೆ ಎಂಬ ಸಂಕೋಚ ಬೇಕಿಲ್ಲ. ಈ ಕ್ರಮವನ್ನು ಅನುಸರಿಸಲು ಮತಾಂತರವಾಗಲಿ, ಮನೆದೇವರ ಪೂಜೆ ಬಿಡುವುದಾಗಲಿ ಅಗತ್ಯವಿಲ್ಲ.

ಮೊದಲನೆಯದಾಗಿ ದಿನ ಮತ್ತು ಸ್ಥಳ

ವರ್ಷಾವಾಸ ಆರಂಭವಾಗುವುದು ಆಷಾಢ ಹುಣ್ಣಿಮೆಯ ಮರುದಿನ. ಸಾರನಾಥದಲ್ಲಿ ಬುದ್ಧ ಮೊದಲ ಉಪದೇಶ ನೀಡಿದ್ದು ಆಷಾಢ ಹುಣ್ಣಿಮೆಯಂದು ಎಂಬುದು ಪರಂಪರೆಯ ನಂಬಿಕೆ. ಇದು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಬರುತ್ತದೆ. ಮುಗಿಯುವುದು ಆಶ್ವೀಜ ಹುಣ್ಣಿಮೆಯಂದು, ಎಂದರೆ ನಮ್ಮ ರೈತರು ಬುಟ್ಟಿಗೆ ಚಿತ್ತಾರ ಬರೆದು ಗದ್ದೆಗೆ ಹೋಗಿ ಫಲ ಹೊತ್ತ ಭೂಮಿಗೆ ಬಯಕೆಯೂಟ ಬಡಿಸುವ ಭೂಮಿ ಹುಣ್ಣಿಮೆಯ ದಿನವೇ. ನಡುವೆ ನೂಲ ಹುಣ್ಣಿಮೆಯೂ ಅನಂತನ ಹುಣ್ಣಿಮೆಯೂ ಬರುತ್ತವೆ. ಗೋಡೆಯ ಪಂಚಾಂಗದಲ್ಲಿ ಈ ದಿನಗಳಿಗೆ ಗುರುತು ಹಾಕಿಕೊಳ್ಳಿ. ಶ್ರಾವಣ, ಭಾದ್ರಪದ ಅಥವಾ ಆಶ್ವೀಜ ಅಧಿಕಮಾಸವಾಗಿ ಬಂದ ವರ್ಷ ನಡುವಿನ ಅವಧಿ ನಾಲ್ಕು ತಿಂಗಳಾಗುವುದರಿಂದ ಒಂದು ಹುಣ್ಣಿಮೆ ತಡೆದು ಆರಂಭಿಸಿದರೆ ಮೂರು ತಿಂಗಳ ಲೆಕ್ಕ ಸರಿಹೋಗುತ್ತದೆ.

ಜುಲೈಯಲ್ಲಿ ನಾಟಿ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ, ಮಕ್ಕಳ ಶಾಲೆ ಎಂದು ಉಸಿರಾಡಲೂ ಬಿಡುವಿರುವುದಿಲ್ಲ ಎನ್ನುವವರಿಗೆ ವಿನಯದಲ್ಲೇ ದಾರಿಯಿದೆ. ಮೊದಲ ಪ್ರವೇಶ ತಪ್ಪಿದವರು ಒಂದು ತಿಂಗಳು ತಡವಾಗಿ, ಅಂದರೆ ನೂಲ ಹುಣ್ಣಿಮೆಯ ಮರುದಿನ, ಎರಡನೆಯ ವರ್ಷಾವಾಸವನ್ನು ಹಿಡಿಯಬಹುದು. ಅದು ಕಾರ್ತೀಕ ಹುಣ್ಣಿಮೆಗೆ ಮುಗಿಯುತ್ತದೆ. ಗದ್ದೆ ಹೆಚ್ಚಿರುವ ಮನೆಯವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ನಾಟಿಯ ಆಳುಗಳಿಗೆ ಬೆಳಿಗ್ಗೆ ತಿಂಡಿ ಮಾಡುವವರಿಗೆ ಅದೇ ಹೊತ್ತಿನಲ್ಲಿ ಧ್ಯಾನಕ್ಕೆ ಕೂರು ಎನ್ನುವುದು ನ್ಯಾಯವಲ್ಲ.

ಸ್ಥಳದ ವಿಚಾರದಲ್ಲೂ ಮೂಲ ನಿಯಮ ಉದಾರವಾಗಿದೆ. ದನದ ಹಟ್ಟಿಯ ನೆಲೆಯಲ್ಲಿ, ವ್ಯಾಪಾರಿಗಳ ಗಾಡಿಸಾಲಿನ ಜೊತೆ, ದೋಣಿಯಲ್ಲಿ ಕೂಡ ವರ್ಷಾವಾಸ ಮಾಡಲು ಅನುಮತಿಯಿದೆ. ಮರದ ಪೊಟರೆಯಲ್ಲಿ, ಬಯಲಲ್ಲಿ, ಬರಿಯ ಕೊಡೆಯ ಕೆಳಗೆ ಮಾತ್ರ ಕೂಡದು ಎಂದಿದೆ. ಆಗುಂಬೆಯ ಮಳೆ ಕಂಡವರಿಗೆ ಈ ಕೊನೆಯ ನಿಷೇಧದ ಕಾರಣವನ್ನು ವಿವರಿಸಬೇಕಿಲ್ಲ. ಗೃಹಸ್ಥರಿಗೆ ಬೇಕಾದದ್ದು ಮನೆಯೊಳಗೆ ಒಂದು ಮೂಲೆ. ಚಾಪೆಯ ಮೇಲೆ ಮಡಿಸಿದ ಕಂಬಳಿ ಹಾಸಿ, ಮೂರು ತಿಂಗಳು ಅದನ್ನು ಅಲ್ಲಿಂದ ಎತ್ತಬೇಡಿ. ತೇವಕ್ಕೆ ಬೂಷ್ಟು ಹಿಡಿಯದಂತೆ ಆಗಾಗ ಬಚ್ಚಲೊಲೆಯ ಹತ್ತಿರ ಬೆಚ್ಚಗೆ ಮಾಡಿ ತಂದು ಹಾಕಿದರಾಯಿತು.

ಆರಂಭದ ದಿನ ಬೆಳಿಗ್ಗೆ ಸ್ನಾನ ಮಾಡಿ ಆ ಮೂಲೆಯಲ್ಲಿ ಕುಳಿತು, ಈ ಮೂರು ತಿಂಗಳು ಇಂತಿಂಥ ನಿಯಮಗಳನ್ನು ಪಾಲಿಸುತ್ತೇನೆ ಎಂದು ಕೇಳಿಸುವಂತೆ ಹೇಳಿಕೊಳ್ಳಿ. ನಿಯಮಗಳು ಕಡಿಮೆ ಇರಲಿ: ಪಂಚಶೀಲ, ದಿನಕ್ಕೊಂದು ಬಾರಿ ಧ್ಯಾನ, ಹುಣ್ಣಿಮೆ ಅಮಾವಾಸ್ಯೆಗಳಂದು ಉಪೋಸಥ, ಅಂದರೆ ಎಂಟು ಶೀಲಗಳ ವ್ರತ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿರಬೇಕು. ಗುಟ್ಟಾಗಿ ಇಟ್ಟುಕೊಂಡ ವ್ರತವು ಮೂರು ತಿಂಗಳ ಕೊನೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸವೊಂದಕ್ಕೆ ಅಡ್ಡಿಯಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ನಡುವೆ ತಪ್ಪಿದರೆ ಏನು? ತಂದೆತಾಯಿಯ ಕಾಯಿಲೆಯಂಥ ಅಗತ್ಯ ಕಾರ್ಯಕ್ಕೆ ಭಿಕ್ಷುವೂ ಏಳು ದಿನಗಳ ಮಟ್ಟಿಗೆ ಹೊರಹೋಗಿ ಮರಳಬಹುದು, ಅದರಿಂದ ವರ್ಷಾವಾಸ ಮುರಿಯುವುದಿಲ್ಲ. ಊರಿಗೆ ನೆರೆ ನುಗ್ಗಿದರೆ, ಬೆಂಕಿ ಬಿದ್ದರೆ, ಕಾಡುಪ್ರಾಣಿಗಳ ಉಪಟಳವಾದರೆ ಜಾಗ ಬಿಟ್ಟು ಹೋದರೂ ದೋಷವಿಲ್ಲ. ನಾವೂ ಇದನ್ನೇ ಅನುಸರಿಸೋಣ. ಆಸ್ಪತ್ರೆ, ಸಾವು, ಮದುವೆ ಎಂದು ನಾಲ್ಕಾರು ದಿನ ಬಿಟ್ಟುಹೋದರೆ ಮತ್ತೆ ಹಿಡಿಯಿರಿ. ಏಳು ದಿನ ದಾಟಲು ಬಿಡಬೇಡಿ.

ಪಂಚಶೀಲ: ಮೊದಲನೆಯದರ ಬಳಿ ಹೆಚ್ಚು ಹೊತ್ತು

'ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ' ಎಂದರೆ ಜೀವಹಿಂಸೆಯಿಂದ ದೂರವಿರುವ ಶಿಕ್ಷಣದ ನಿಯಮವನ್ನು ನಾನು ಸ್ವೀಕರಿಸುತ್ತೇನೆ ಎಂದು. ಇದು ಮೇಲಿನಿಂದ ಬಂದ ಆಜ್ಞೆಯಲ್ಲ. ಅಭ್ಯಾಸಕ್ಕಾಗಿ ತಾನೇ ಹೊತ್ತುಕೊಂಡ ನಿಯಮ. ಮಲೆನಾಡಿನ ಮಳೆಗಾಲದಲ್ಲಿ ಇದರಷ್ಟು ಕಷ್ಟದ ಶೀಲ ಇನ್ನೊಂದಿಲ್ಲ. ಕಾಲಿಟ್ಟಲ್ಲೆಲ್ಲ ಜೀವ; ದೀಪ ಹಚ್ಚಿದರೆ ರೆಕ್ಕೆಹುಳ, ತೋಟಕ್ಕೆ ಇಳಿದರೆ ಉಂಬಳ, ಮಂಗನ ಹಿಂಡು ಬಂದರೆ ಬಾಳೆಗೊನೆಯೇ ಇಲ್ಲ.

ಇಲ್ಲಿ ಮೊದಲು ತಿಳಿಯಬೇಕಾದದ್ದು ಉದ್ದೇಶದ ಸ್ಥಾನ. ಚೇತನೆಯನ್ನೇ, ಅಂದರೆ ಉದ್ದೇಶವನ್ನೇ, ಕರ್ಮವೆಂದು ಕರೆಯುತ್ತೇನೆ ಎಂಬುದು ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದಲ್ಲಿ ಬುದ್ಧನ ಸ್ಪಷ್ಟ ಮಾತು. ಹಳೆಯ ವ್ಯಾಖ್ಯಾನಗಳಾದ ಅಟ್ಠಕಥೆಗಳು ಕೊಲೆಗೆ ಐದು ಅಂಗಗಳನ್ನು ಹೇಳುತ್ತವೆ: ಜೀವಿ ಇರಬೇಕು, ಅದು ಜೀವಿಯೆಂದು ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನವಾಗಬೇಕು, ಅದರಿಂದ ಜೀವಿ ಸಾಯಬೇಕು. ಧಮ್ಮಪದದ ಮೊದಲ ಗಾಥೆಗೆ ಹೇಳುವ ಹಿನ್ನೆಲೆಯ ಕಥೆಯೂ ಮಳೆಯದೇ. ಕುರುಡನಾದ ಚಕ್ಖುಪಾಲ ಥೇರ ಮಳೆ ಬಂದು ನಿಂತ ರಾತ್ರಿ ನಡಿಗೆಯ ಧ್ಯಾನ ಮಾಡಿದಾಗ ಅವನ ಕಾಲಡಿ ಹುಳುಗಳು ಸತ್ತವು. ಬೆಳಿಗ್ಗೆ ಅದನ್ನು ಕಂಡ ಭಿಕ್ಷುಗಳು ಬುದ್ಧನಿಗೆ ದೂರಿದಾಗ, ಅವನಿಗೆ ಹುಳುಗಳು ಕಾಣಲಿಲ್ಲ, ಕೊಲ್ಲುವ ಚೇತನೆಯೂ ಇರಲಿಲ್ಲ ಎಂದು ಬುದ್ಧ ಹೇಳಿದನಂತೆ. ಆದ್ದರಿಂದ ಹೂಟಿಯಲ್ಲಿ ಎರೆಹುಳು ಸತ್ತದ್ದಕ್ಕೆ ಕೊರಗುತ್ತಾ ಕೂರಬೇಕಾಗಿಲ್ಲ. ಆದರೆ ಚಕ್ಖುಪಾಲನಿಗೆ ಕಣ್ಣಿರಲಿಲ್ಲ ಎಂಬುದನ್ನು ಮರೆಯಬಾರದು. ಕಣ್ಣಿದ್ದೂ ನೋಡದವರಿಗೆ ಆ ಕಥೆ ರಕ್ಷಣೆ ಕೊಡುವುದಿಲ್ಲ.

ಉಂಬಳವನ್ನೇ ತೆಗೆದುಕೊಳ್ಳಿ. ಹಿಮ್ಮಡಿಯ ಮೇಲೆ ಏನೋ ತಣ್ಣಗಾದಂತೆ ಅನಿಸಿ ನೋಡಿದರೆ ಅದು ಆಗಲೇ ಕಚ್ಚಿ ಉಬ್ಬುತ್ತಿರುತ್ತದೆ. ಕೈ ತಾನಾಗಿ ಉಪ್ಪಿನ ಕಡೆಗೋ ಬೆಂಕಿಕಡ್ಡಿಯ ಕಡೆಗೋ ಹೋಗುತ್ತದೆ. ಆ ಕ್ಷಣದಲ್ಲಿ ಒಂದು ಉಸಿರು ತಡೆದು, ತೆಳ್ಳಗಿರುವ ಬಾಯಿಯ ತುದಿಯ ಬಳಿ ಚರ್ಮಕ್ಕೆ ಒತ್ತಿ ಉಗುರನ್ನು ಜಾರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ಇನ್ನೊಂದು ತುದಿಯನ್ನು ಬಿಡಿಸಿ ಕಾದಿಗೆಯಾಚೆಗೆ ಎಸೆಯಬಹುದು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ತೋಟಕ್ಕೆ ಹೊರಡುವ ಮುಂಚೆ ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪಿನ ನೀರನ್ನೋ ಸವರಿಕೊಂಡರೆ ಈ ಪ್ರಸಂಗವೇ ಕಡಿಮೆಯಾಗುತ್ತದೆ. ಕೈ ಎತ್ತುವುದಕ್ಕೂ ಹೊಡೆಯುವುದಕ್ಕೂ ನಡುವಿನ ಆ ಒಂದು ಉಸಿರಿನ ಬಿಡುವನ್ನು ಕಂಡುಕೊಳ್ಳುವುದೇ ಈ ಶೀಲದ ಅಭ್ಯಾಸ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಕೊಳೆರೋಗದ ಬೂಷ್ಟಿನ ಮೇಲೆ ಕೆಲಸ ಮಾಡುತ್ತದೆ. ಪ್ರಾಣಿಹಿಂಸೆಯ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕೀಟನಾಶಕದ ವಿಷಯ ಬೇರೆ, ಅದನ್ನು ಮರೆಮಾಚಿ ಹೇಳುವುದರಲ್ಲಿ ಅರ್ಥವಿಲ್ಲ. ಕೊಲ್ಲುವ ಉದ್ದೇಶದಿಂದಲೇ ಅದನ್ನು ಹೊಡೆಯುತ್ತೇವೆ. ಮೂರು ತಿಂಗಳಲ್ಲಿ ಅದನ್ನು ಪೂರ್ತಿ ಬಿಡಲಾಗದಿದ್ದರೆ ಹುಳ ಕಾಣುವ ಮೊದಲೇ ರೂಢಿಯಂತೆ ಹೊಡೆಯುವುದನ್ನಾದರೂ ನಿಲ್ಲಿಸಬಹುದು. ಮಂಗ, ಹಂದಿಗಳನ್ನು ಓಡಿಸಿ, ಬೇಲಿ ಕಟ್ಟಿ. ಉರುಳು, ಕೋವಿ ಬೇಡ. ರೆಕ್ಕೆಹುಳ ಬಂದ ಸಂಜೆ ಅರ್ಧ ಗಂಟೆ ಜಗಲಿಯ ದೀಪ ಆರಿಸಿದರೆ ಸಾಕು. ಹಳ್ಳದ ಹತ್ತುಮೀನು, ಗದ್ದೆಯ ಏಡಿ ಹಿಡಿಯುವವರು ಈ ಅವಧಿಯಲ್ಲಿ ಕೈಯಾರೆ ಹಿಡಿಯುವುದನ್ನೂ ಹಿಡಿಸುವುದನ್ನೂ ಬಿಡಬೇಕಾಗುತ್ತದೆ. ಮಾಂಸಾಹಾರದ ಬಗ್ಗೆ ಬೌದ್ಧ ಪರಂಪರೆಗಳಲ್ಲೇ ಒಮ್ಮತವಿಲ್ಲ, ಅದನ್ನು ಅವರವರ ವಿವೇಚನೆಗೆ ಬಿಡುತ್ತೇನೆ.

ಎರಡನೆಯ ಶೀಲ ಕೊಡದೆ ಇದ್ದದ್ದನ್ನು ತೆಗೆದುಕೊಳ್ಳದಿರುವುದು. ಕಳ್ಳತನ ನಮ್ಮಲ್ಲಿ ಯಾರು ಮಾಡುತ್ತಾರೆ ಎಂದು ಕೇಳುವವರು ಬೇಲಿ ಹೊಸದಾಗಿ ಕಟ್ಟುವಾಗ ಗೂಟ ಎಷ್ಟು ಸರಿಯಿತು, ಪಕ್ಕದ ತೋಟದ ಮರದಿಂದ ನಮ್ಮ ಕಡೆ ಉದುರಿದ ಅಡಿಕೆ ಯಾರ ಬುಟ್ಟಿಗೆ ಹೋಯಿತು, ಅಡಿಕೆ ಮರ ಹತ್ತುವ ಕೊನೆಗಾರನಿಗೆ ಕೊಡಬೇಕಾದ ಕೂಲಿಯನ್ನು ಎಷ್ಟು ವಾರ ಮುಂದೂಡಿದೆವು ಎಂದು ನೋಡಿಕೊಂಡರೆ ಸಾಕು. ಮೂರನೆಯದಾದ ಕಾಮದ ದುರಾಚಾರದಿಂದ ದೂರವಿರುವುದರ ಅರ್ಥ ಎಲ್ಲರಿಗೂ ಗೊತ್ತಿದೆ. ನಾಲ್ಕನೆಯದು ಮಾತಿಗೆ ಸೇರಿದ್ದು, ಅದನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ. ಐದನೆಯದು ಎಚ್ಚರ ತಪ್ಪಿಸುವ ಮದ್ಯದಿಂದ ದೂರವಿರುವುದು. ಚಳಿಗೆ ಸ್ವಲ್ಪ ಎಂಬ ಮಲೆನಾಡಿನ ಹಳೆಯ ನೆಪಕ್ಕೆ ಇದರಲ್ಲಿ ರಿಯಾಯಿತಿಯಿಲ್ಲ. ಎಲೆಯಡಿಕೆಯೂ ಇದಕ್ಕೆ ಸೇರುತ್ತದೆಯೇ ಎಂದು ನಮ್ಮ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಶೀಲದ ಪಾಠದಲ್ಲಿ ಅದರ ಹೆಸರಿಲ್ಲ. ಕವಳದೊಳಗಿನ ಹೊಗೆಸೊಪ್ಪನ್ನು ಮೂರು ತಿಂಗಳು ಬಿಡಲು ಇದೊಂದು ಒಳ್ಳೆಯ ಸಂದರ್ಭ ಎಂದಷ್ಟೇ ಹೇಳಬಲ್ಲೆ.

ಕುಳಿತುಕೊಳ್ಳುವುದು, ತೂಕಡಿಸುವುದು, ನಡೆಯುವುದು

ದಿನಕ್ಕೆ 20 ನಿಮಿಷದಿಂದ ಆರಂಭಿಸಿ. ಬೆಳಿಗ್ಗೆ ಹಾಲು ಕರೆಯುವ ಮೊದಲು ಅಥವಾ ರಾತ್ರಿ ಊಟಕ್ಕೆ ಮುಂಚೆ, ಯಾವುದಾದರೂ ಒಂದು ಹೊತ್ತು ಖಾಯಂ ಆಗಿರಲಿ. ಬೆನ್ನು ನೇರವಾಗಿರಲಿ, ನೆಲದ ಮೇಲೆ ಆಗದವರು ಕುರ್ಚಿಯಲ್ಲಿ ಕೂರಲಿ. ಉಸಿರಿನ ಧ್ಯಾನವನ್ನು ಕುರಿತ ಬುದ್ಧನ ಉಪದೇಶವಾದ ಆನಾಪಾನಸತಿ ಸುತ್ತದ ಆರಂಭದ ಸೂಚನೆ ಸರಳವಾಗಿದೆ: ಉಸಿರು ದೀರ್ಘವಾಗಿ ಬಂದರೆ ದೀರ್ಘವೆಂದು, ಗಿಡ್ಡವಾಗಿ ಬಂದರೆ ಗಿಡ್ಡವೆಂದು ತಿಳಿಯುವುದು. ಉಸಿರನ್ನು ಬಿಗಿಹಿಡಿಯುವ, ಎಳೆಯುವ ಪ್ರಾಣಾಯಾಮ ಇದಲ್ಲ. ಮನಸ್ಸು ನಿಲ್ಲದಿದ್ದರೆ ಎಣಿಸಿರಿ. ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎಂದು ಸಾಧನೆಯ ಹಳೆಯ ಕೈಪಿಡಿಯಾದ ವಿಸುದ್ಧಿಮಗ್ಗ ಹೇಳುತ್ತದೆ. ತೀರ ಕಡಿಮೆಯಾದರೆ ಮನಸ್ಸು ಇಕ್ಕಟ್ಟಾಗುತ್ತದೆ, ಹೆಚ್ಚಾದರೆ ಗಮನ ಉಸಿರನ್ನು ಬಿಟ್ಟು ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಹಿಡಿಯಿರಿ. ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದನ್ನು ಅಡ್ಡಿಯೆಂದು ತಿಳಿಯಬೇಕಿಲ್ಲ. ಮಲೆನಾಡಿನಲ್ಲಿ ಧ್ಯಾನಕ್ಕೆ ನಿಜವಾದ ಅಡ್ಡಿ ನಿದ್ದೆ.

ಹೊರಗೆ ಕತ್ತಲು, ಕರೆಂಟಿಲ್ಲ, ಮೈಗೆ ಕಂಬಳಿಯ ಬೆಚ್ಚು. ಐದು ನಿಮಿಷಕ್ಕೆ ತಲೆ ಎದೆಗೆ ಬೀಳುತ್ತದೆ. ಬುದ್ಧನ ಅಗ್ರಶಿಷ್ಯನಾದ ಮೊಗ್ಗಲ್ಲಾನನೇ ಮಗಧದ ಕಲ್ಲವಾಳಪುತ್ತ ಎಂಬ ಹಳ್ಳಿಯಲ್ಲಿ ಹೀಗೆ ತೂಕಡಿಸುತ್ತಾ ಕುಳಿತಿದ್ದನೆಂದು ಅಂಗುತ್ತರ ನಿಕಾಯದಲ್ಲಿದೆ. ಆಗ ಬುದ್ಧ ಹೇಳಿಕೊಟ್ಟ ಕ್ರಮ ಇಂದಿಗೂ ಹಾಗೆಯೇ ಬಳಸಲು ಬರುತ್ತದೆ. ಯಾವ ಯೋಚನೆಯಲ್ಲಿ ತೂಕಡಿಕೆ ಬಂತೋ ಅದನ್ನು ಬಿಡು, ಆಗದಿದ್ದರೆ ಕೇಳಿದ ಧರ್ಮವನ್ನು ಮನಸ್ಸಿನಲ್ಲಿ ಮೆಲುಕು ಹಾಕು, ಅದಕ್ಕೂ ಹೋಗದಿದ್ದರೆ ಗಟ್ಟಿಯಾಗಿ ಪಠಿಸು, ಕಿವಿಗಳನ್ನು ಎಳೆದುಕೊಂಡು ಮೈಕೈ ಉಜ್ಜಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನೂ ನಕ್ಷತ್ರಗಳನ್ನೂ ನೋಡು, ಮನಸ್ಸಿನಲ್ಲಿ ಹಗಲಿನ ಬೆಳಕನ್ನು ತಂದುಕೋ, ಅತ್ತಿಂದಿತ್ತ ನಡೆ. ಇಷ್ಟಾದರೂ ಹೋಗದಿದ್ದರೆ, ಏಳುವ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಬಲಮಗ್ಗುಲಿಗೆ ಮಲಗು. ಶ್ರಾವಣದಲ್ಲಿ ನಮಗೆ ನಕ್ಷತ್ರ ಕಾಣುವುದು ಅಪರೂಪ, ಉಳಿದದ್ದೆಲ್ಲ ಸಾಧ್ಯ. ಕೊನೆಯ ಉಪಾಯವನ್ನು ಮೊದಲನೆಯದಾಗಿ ಬಳಸದಂತೆ ನೋಡಿಕೊಳ್ಳಬೇಕು, ಅಷ್ಟೆ.

ನಡಿಗೆಗೆ ನಮ್ಮ ಹಳೆಯ ಮನೆಗಳ ಉದ್ದನೆಯ ಜಗಲಿ ಹೇಳಿ ಮಾಡಿಸಿದ ಜಾಗ. ಈ ತುದಿಯಿಂದ ಆ ತುದಿಗೆ, ಅಂಗಾಲು ನೆಲಕ್ಕೆ ತಾಗುವುದನ್ನೂ ನೆಲ ಬಿಡುವುದನ್ನೂ ಗಮನಿಸುತ್ತಾ ಮೆಲ್ಲನೆ ನಡೆದು, ತುದಿಯಲ್ಲಿ ನಿಂತು, ತಿರುಗಿ ಬರುವುದು. ಪಾಳಿ ಭಾಷೆಯಲ್ಲಿ ಇದಕ್ಕೆ ಚಂಕಮ ಎಂದು ಹೆಸರು. ದೂರ ನಡೆಯುವ ತಾಳ್ಮೆ, ಶ್ರಮಕ್ಕೆ ಬೇಕಾದ ಕಸುವು, ಆರೋಗ್ಯ, ತಿಂದದ್ದು ಜೀರ್ಣವಾಗುವುದು, ಬಹುಕಾಲ ನಿಲ್ಲುವ ಏಕಾಗ್ರತೆ ಎಂದು ಇದರ ಐದು ಪ್ರಯೋಜನಗಳನ್ನು ಬುದ್ಧ ಹೇಳಿದ್ದಾನೆ. ತೀವ್ರ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಏಕಾಂತದಲ್ಲಿ ಹೆಚ್ಚು ಹೊತ್ತು ಕೂರುವುದಕ್ಕಿಂತ ಈ ನಡಿಗೆಯನ್ನೇ ಆರಿಸಿಕೊಳ್ಳುವುದು ಒಳಿತು, ಔಷಧಿಯನ್ನಂತೂ ಬಿಡಬಾರದು.

ಮಾತು

ನಾಲ್ಕನೆಯ ಶೀಲವನ್ನು ಸುಳ್ಳಾಡದಿರುವುದಕ್ಕೆ ನಿಲ್ಲಿಸುವುದು ವಾಡಿಕೆ. ಒಳ್ಳೆಯ ಮಾತಿಗೆ ಐದು ಲಕ್ಷಣಗಳನ್ನು ಅಂಗುತ್ತರ ನಿಕಾಯ ಹೇಳುತ್ತದೆ: ಅದು ಹೊತ್ತಿಗೆ ತಕ್ಕದ್ದಾಗಿರಬೇಕು, ನಿಜವಾಗಿರಬೇಕು, ಮೃದುವಾಗಿರಬೇಕು, ಉಪಯೋಗವಾಗಬೇಕು, ಮೈತ್ರಿಯ ಮನಸ್ಸಿನಿಂದ ಬಂದಿರಬೇಕು. ಮಳೆಗಾಲದಲ್ಲಿ ಮನೆಯವರೆಲ್ಲ ಒಂದೇ ಸೂರಿನ ಕೆಳಗೆ ದಿನಗಟ್ಟಲೆ ಇರುವುದರಿಂದ ಹಳೆಯ ಪಾಲುಪಟ್ಟಿಯ ತಕರಾರುಗಳು ಎದ್ದು ಬರುವುದೂ ಆಗಲೇ. ಅಣ್ಣನ ಮನೆಯ ಬಗ್ಗೆ ಅತ್ತಿಗೆಯ ಎದುರು ಒಂದು ಮಾತು ಬಾಯಿಯ ತುದಿಗೆ ಬಂದಾಗ, ಅದು ಪೂರ್ತಿ ನಿಜವೇ ಆಗಿದ್ದರೂ, ಉಳಿದ ನಾಲ್ಕರಲ್ಲಿ ಎಷ್ಟು ಇವೆ ಎಂದು ನೋಡಿ. ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳುಹಿಸುವ ಮುಂಚೆಯೂ ಇದೇ ಪರೀಕ್ಷೆ.

ಬುದ್ಧ ತನ್ನ ಮಗ ರಾಹುಲನಿಗೆ ಕೊಟ್ಟ ಉಪದೇಶ ಇನ್ನೂ ವಿಸ್ತಾರವಾದದ್ದು. ಕನ್ನಡಿ ಯಾವುದಕ್ಕಿದೆ ಎಂದು ಕೇಳಿ, ನೋಡಿಕೊಳ್ಳುವುದಕ್ಕೆ ಎಂಬ ಉತ್ತರ ಪಡೆದು, ಹಾಗೆಯೇ ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ ಇದರಿಂದ ನನಗಾಗಲಿ ಪರರಿಗಾಗಲಿ ನೋವಿದೆಯೇ ಎಂದು ನೋಡಿಕೊಳ್ಳಬೇಕು ಎಂದ. ಮಾಡುವ ಮುಂಚೆ ತಪ್ಪಿಹೋದವರಿಗೂ ಇನ್ನೆರಡು ಅವಕಾಶ ಉಳಿದಿರುತ್ತವೆ ಎಂಬುದು ಈ ಉಪದೇಶದಲ್ಲಿ ನನಗೆ ಹಿಡಿಸಿದ ಅಂಶ. ಅರ್ಧ ಆಡಿದ ಮಾತನ್ನು ಅಲ್ಲೇ ನಿಲ್ಲಿಸಬಹುದು. ಆಡಿ ಮುಗಿದಿದ್ದರೆ ಮರುದಿನ ಹೋಗಿ ಹೇಳಿ ಸರಿಮಾಡಿಕೊಳ್ಳಬಹುದು.

ಉಪೋಸಥದ ದಿನಗಳು

ಹುಣ್ಣಿಮೆ, ಅಮಾವಾಸ್ಯೆ ಮತ್ತು ಎರಡು ಅಷ್ಟಮಿಗಳು ಉಪೋಸಥದ ದಿನಗಳು. ಮೂರು ತಿಂಗಳಿಗೆ 12. ಎಲ್ಲವೂ ಆಗದಿದ್ದರೆ ಹುಣ್ಣಿಮೆ ಅಮಾವಾಸ್ಯೆಗಳ ಆರು ದಿನಗಳನ್ನು ಹಿಡಿಯಿರಿ. ಆ ದಿನ ಪಂಚಶೀಲದ ಮೂರನೆಯದು ಪೂರ್ಣ ಬ್ರಹ್ಮಚರ್ಯವಾಗುತ್ತದೆ. ಅದರ ಮೇಲೆ ಮಧ್ಯಾಹ್ನ ಕಳೆದ ನಂತರ ಉಣ್ಣದಿರುವುದು, ಹಾಡು ಕುಣಿತ ಅಲಂಕಾರಗಳನ್ನು ಬಿಡುವುದು, ಎತ್ತರದ ಮೆತ್ತನೆಯ ಹಾಸಿಗೆಯನ್ನು ಬಿಡುವುದು ಸೇರಿ ಎಂಟು ಶೀಲಗಳು. ಹಾಡು ಕುಣಿತದ ಜಾಗದಲ್ಲಿ ಇಂದು ಮೊಬೈಲ್ ಮತ್ತು ಟಿವಿ ಎಂದು ಓದಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ದಿನವಿಡೀ ಮೈಮುರಿದು ದುಡಿಯುವವರು ರಾತ್ರಿಯ ಊಟವನ್ನು ಬಿಡಬೇಕಿಲ್ಲ. ಅವರಿಗೆ ಉಳಿದ ಏಳು ಸಾಕು.

ಉಪೋಸಥದಲ್ಲಿ ಮೂರು ಬಗೆಯನ್ನು ಬುದ್ಧ ತನ್ನ ಗೃಹಸ್ಥ ಶಿಷ್ಯೆ ವಿಶಾಖೆಗೆ ವಿವರಿಸುತ್ತಾನೆ. ಅದರಲ್ಲಿ ಮೊದಲನೆಯದು ಗೋವಳನ ಉಪೋಸಥ. ದನ ಕಾಯುವವನು ಸಂಜೆ ದನಗಳನ್ನು ಒಡೆಯರಿಗೆ ಒಪ್ಪಿಸಿ, ಇವತ್ತು ಇಲ್ಲಿ ಮೇದವು, ನಾಳೆ ಅಲ್ಲಿ ಮೇಯುತ್ತವೆ ಎಂದು ಲೆಕ್ಕ ಹಾಕುವಂತೆ, ಇವತ್ತು ಇದನ್ನು ತಿಂದೆ, ನಾಳೆ ಅದನ್ನು ತಿನ್ನುತ್ತೇನೆ ಎಂಬ ಧ್ಯಾನದಲ್ಲೇ ದಿನ ಕಳೆಯುವುದು. ಏಕಾದಶಿಯ ಫಲಾಹಾರದ ಪಟ್ಟಿ ಊಟದ ಪಟ್ಟಿಗಿಂತ ಉದ್ದವಾಗುವ ಮನೆಗಳನ್ನು ಕಂಡವರಿಗೆ ಈ ಗೋವಳನ ಗುರುತು ಸುಲಭವಾಗಿ ಸಿಗುತ್ತದೆ. ಸಂಜೆ ಉಳಿದ ಹೊತ್ತನ್ನು ಧ್ಯಾನಕ್ಕೂ ಓದಿಗೂ ಹಂಚಿದರೆ ಈ ತೊಂದರೆ ಬರುವುದಿಲ್ಲ.

ಓದಿಗೆ ಧಮ್ಮಪದ ಸಾಕು. ಅದರಲ್ಲಿ 26 ವರ್ಗಗಳೂ 423 ಗಾಥೆಗಳೂ ಇವೆ. ಮೂರು ತಿಂಗಳೆಂದರೆ ಸುಮಾರು 13 ವಾರ. ವಾರಕ್ಕೆ ಎರಡು ವರ್ಗದಂತೆ ಓದಿದರೆ ಸರಿಯಾಗಿ ಮುಗಿಯುತ್ತದೆ. ಕನ್ನಡದಲ್ಲಿ ಅನುವಾದಗಳು ಸಿಗುತ್ತವೆ.

ಕೊಳೆ ಬಂದ ವರ್ಷ

ವರ್ಷಾವಾಸದ ನಡುವೆ ತೋಟಕ್ಕೆ ಕೊಳೆ ಬೀಳಬಹುದು. ಔಷಧಿ ಹೊಡೆಯಲು ಬಿಸಿಲಿನ ಬಿಡುವು ಸಿಗದೆ, ಬೆಳಿಗ್ಗೆ ಹೋಗಿ ನೋಡಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿರುತ್ತದೆ. ಆ ದಿನಕ್ಕೆ ಬೇಕಾದ ಉಪದೇಶ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿದೆ. ಬಾಣದ ಪೆಟ್ಟು ತಿಂದವನಿಗೆ ಅದರ ಬೆನ್ನಿಗೇ ಇನ್ನೊಂದು ಬಾಣ ಬಿದ್ದಂತೆ, ತಿಳಿವಳಿಕೆಯಿಲ್ಲದವನು ಮೈಯ ನೋವಿನ ಜೊತೆಗೆ ಮನಸ್ಸಿನ ನೋವನ್ನೂ ಅನುಭವಿಸುತ್ತಾನೆ; ತಿಳಿದವನಿಗೆ ಮೊದಲ ಬಾಣ ಮಾತ್ರ ನಾಟುತ್ತದೆ.

ಇದನ್ನು ಬಳಸುವ ಬಗೆ ಹೀಗೆ. ರಾತ್ರಿ ನಿದ್ದೆ ಬಾರದಿದ್ದಾಗ ಒಂದು ಕಾಗದ ತೆಗೆದುಕೊಂಡು ಮೊದಲ ಬಾಣವನ್ನು ಬರೆಯಿರಿ: ಎಷ್ಟು ಉದುರಿದೆ, ಯಾವ ಸಾಲ ಯಾವಾಗ ತೀರಿಸಬೇಕು, ನಾಳೆ ಮಳೆ ಹೊಳವಾದರೆ ಯಾರನ್ನು ಕರೆಯಬೇಕು. ಇವು ಕೆಲಸಗಳು, ಇವುಗಳಿಗೆ ಕೈಯಿದೆ. ಅಪ್ಪಯ್ಯ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಪಕ್ಕದ ತೋಟಕ್ಕೆ ಏಕೆ ಬರಲಿಲ್ಲ, ಮುಂದಿನ ವರ್ಷವೂ ಹೀಗೇ ಆದರೆ ಎಂಬವು ಎರಡನೆಯ ಬಾಣ. ಅವು ಬಂದಾಗ ಓಡಿಸಲು ಹೋಗದೆ, ಇದು ಎರಡನೆಯದು ಎಂದು ಗುರುತಿಸಿ ಉಸಿರಿಗೆ ಮರಳಿ. ಎಷ್ಟು ಸಲ ಬಂದರೂ ಅಷ್ಟೇ. ಮೊದಲನೆಯದನ್ನು ಸಹಿಸಿ ಸುಮ್ಮನಿರು ಎಂದು ಈ ಸುತ್ತ ಹೇಳುತ್ತಿಲ್ಲ. ಬೆಳಿಗ್ಗೆ ಎದ್ದು ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಸಾಗಿಸುವ ಕೆಲಸ ಇದ್ದೇ ಇದೆ.

ದುಡ್ಡಿನ ವಿಷಯದಲ್ಲಿ ಬುದ್ಧ ಮೌನವಾಗಿದ್ದ ಎಂದು ತಿಳಿದವರು ಸಿಗಾಲೋವಾದ ಸುತ್ತವನ್ನು ಓದಬೇಕು. ಆದಾಯವನ್ನು ನಾಲ್ಕು ಪಾಲು ಮಾಡಿ ಒಂದರಲ್ಲಿ ಬದುಕು, ಎರಡನ್ನು ಕಸುಬಿಗೆ ಹಾಕು, ನಾಲ್ಕನೆಯದನ್ನು ಆಪತ್ತಿಗೆ ಇಡು ಎಂದು ಅಲ್ಲಿ ಗೃಹಸ್ಥನಿಗೆ ನೇರವಾಗಿ ಹೇಳಿದೆ. ಅಡಿಕೆಯ ಧಾರಣೆ ಏರಿದ ವರ್ಷ ಈ ನಾಲ್ಕನೆಯ ಪಾಲಿಗೆ ಏನಾಗುತ್ತದೆ ಎಂಬುದು ಮಂಡಿಯಲ್ಲಿ ಮುಂಗಡ ಪಡೆದವರಿಗೆಲ್ಲ ಗೊತ್ತು.

ಮೈತ್ರಿ

ಎರಡನೆಯ ತಿಂಗಳಿನಿಂದ ಧ್ಯಾನದ ಕೊನೆಯ ಐದು ನಿಮಿಷವನ್ನು ಮೈತ್ರಿಗೆ ಕೊಡಿ. ಕ್ರಮ ವಿಸುದ್ಧಿಮಗ್ಗದ್ದು: ಮೊದಲು ತನಗೆ, ಬಳಿಕ ಗೌರವಕ್ಕೆ ಪಾತ್ರರಾದವರಿಗೆ, ಆಪ್ತರಿಗೆ, ಒಲವೂ ದ್ವೇಷವೂ ಇಲ್ಲದವರಿಗೆ, ಕೊನೆಗೆ ವೈರಿಗೆ. ಸುಖವಾಗಿರಲಿ, ನಿರ್ಭಯವಾಗಿರಲಿ ಎಂದು ಮನಸ್ಸಿನಲ್ಲೇ ಹಾರೈಸುವುದು. ಬೇಲಿಯ ಮೊಕದ್ದಮೆ ನಡೆಯುತ್ತಿರುವ ನೆರೆಯವನಿಂದಲೇ ಶುರುಮಾಡಿ ಸಿಟ್ಟು ಹೆಚ್ಚಿಸಿಕೊಳ್ಳುವ ಧೈರ್ಯ ಬೇಡ. ಒಲವೂ ದ್ವೇಷವೂ ಇಲ್ಲದವರ ಬಳಿ, ಉದಾಹರಣೆಗೆ ದಿನಾ ಬರುವ ಬಸ್ಸಿನ ಕಂಡಕ್ಟರ್ ಬಳಿ, ಸಾಕಷ್ಟು ದಿನ ನಿಲ್ಲಿ. ಮೊಕದ್ದಮೆ ಹಿಂತೆಗೆದುಕೊಳ್ಳಬೇಕೆಂದು ಮೈತ್ರಿ ಕೇಳುವುದಿಲ್ಲ. ಕೋರ್ಟಿನಿಂದ ಬರುವ ದಾರಿಯಲ್ಲಿ ಅವನೂ ಅದೇ ಬಸ್ಸಿಗೆ ಕಾಯುತ್ತಿದ್ದರೆ ಮುಖ ತಿರುಗಿಸದಿರುವಷ್ಟು ಸಾಧ್ಯವಾಗಬೇಕು.

ಪವಾರಣ: ಭೂಮಿ ಹುಣ್ಣಿಮೆಯ ದಿನ

ಕೋಸಲದಲ್ಲಿ ಕೆಲವು ಭಿಕ್ಷುಗಳು ವರ್ಷಾವಾಸವಿಡೀ ಒಬ್ಬರೊಡನೊಬ್ಬರು ಮಾತಾಡದೆ ಕಳೆದರು. ಜಗಳವಿಲ್ಲದೆ ಇರಲು ಇದೇ ಉಪಾಯವೆಂದು ಅವರು ಭಾವಿಸಿದ್ದರು. ಬುದ್ಧ ಅದನ್ನು ಮೆಚ್ಚಲಿಲ್ಲ. ಪಶುಗಳಂತೆ ಒಟ್ಟಿಗೆ ಬದುಕಿ ಸುಖವಾಗಿದ್ದೆವು ಎನ್ನುತ್ತೀರಲ್ಲ ಎಂದು ಗದರಿ, ವರ್ಷಾವಾಸದ ಕೊನೆಯ ದಿನ ಪವಾರಣ ಎಂಬ ವಿಧಿಯನ್ನು ನಿಗದಿಮಾಡಿದ. ಅದರಂತೆ ಪ್ರತಿಯೊಬ್ಬ ಭಿಕ್ಷುವೂ, ಹಿರಿಯನಾದವನೂ ಸಹ, ನನ್ನಲ್ಲಿ ನೀವು ಕಂಡ, ಕೇಳಿದ ಅಥವಾ ಸಂದೇಹಪಟ್ಟ ತಪ್ಪಿದ್ದರೆ ಅನುಕಂಪದಿಂದ ಹೇಳಿ, ಅದು ನನಗೆ ಕಂಡರೆ ಸರಿಪಡಿಸಿಕೊಳ್ಳುತ್ತೇನೆ ಎಂದು ಸಂಘವನ್ನು ಕೇಳಿಕೊಳ್ಳಬೇಕು. ಬುದ್ಧನೂ ಸಾವತ್ಥಿಯ ಪೂರ್ವಾರಾಮದಲ್ಲಿ ಹೀಗೆ ಕೇಳಿಕೊಂಡದ್ದು ಸಂಯುತ್ತ ನಿಕಾಯದಲ್ಲಿದೆ.

ಗೃಹಸ್ಥರ ವರ್ಷಾವಾಸದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಹಂತ ಇದು. ಮೂರು ತಿಂಗಳು ಧ್ಯಾನ ಮಾಡಿದವರಿಗೆ ತಾವು ಶಾಂತರಾದೆವು ಎಂದು ಅನಿಸುವುದು ಸಹಜ. ಅದು ನಿಜವೇ ಎಂದು ಹೇಳಬಲ್ಲವರು ಜೊತೆಯಲ್ಲಿ ಬದುಕಿದವರು ಮಾತ್ರ. ಗದ್ದೆಯ ಪೂಜೆ, ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕುಳಿತ ಹೊತ್ತಿನಲ್ಲಿ ಮನೆಯ ಹಿರಿಯರೇ ಮೊದಲು ಕೇಳಿಕೊಳ್ಳಬೇಕು. ಹಿರಿಯರು ಕೇಳದ ಮನೆಯಲ್ಲಿ ಸೊಸೆಯನ್ನೋ ಮಗನನ್ನೋ ಮಾತ್ರ ಕೂರಿಸಿ ತಪ್ಪು ಎಣಿಸಿದರೆ ಅದು ಪಂಚಾಯಿತಿಯಾಗುತ್ತದೆ. ಒಬ್ಬೊಬ್ಬರು ಒಂದೇ ಸಂಗತಿ ಹೇಳಲಿ, ಈ ಮೂರು ತಿಂಗಳಿಗೆ ಸೇರಿದ್ದನ್ನು ಮಾತ್ರ ಹೇಳಲಿ. "ಔಷಧಿ ಹೊಡಿಸೋ ವಾರದಲ್ಲಿ ನಿಮ್ಮ ಹತ್ರ ಖರ್ಚಿಗೆ ಕೇಳೋಕೇ ಹೆದರಿಕೆ ಆಗ್ತಿತ್ತು" ಎಂದು ಹೆಂಡತಿ ಹೇಳಿದರೆ, ಆ ವಾರ ಎಷ್ಟು ಕಷ್ಟವಿತ್ತು ಎಂಬ ವಿವರಣೆಗೆ ಇಳಿಯಬಾರದು. ಕೇಳಿಸಿಕೊಂಡೆ ಎನ್ನಬೇಕು, ಬೇಕಾದರೆ ಯಾವ ದಿನ ಎಂದು ಕೇಳಬಹುದು. ಒಂಟಿಯಾಗಿ ಇರುವವರು ನಂಬಿಕೆಯ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ ಕೇಳಿಕೊಳ್ಳಲಿ.

ಕೇಳಿದ್ದರಲ್ಲಿ ಒಂದನ್ನು ಆರಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಆಷಾಢದಲ್ಲಿ ಸಂಕಲ್ಪ ಮಾಡುವಾಗ ಅದೇ ಮೊದಲ ನಿಯಮವಾಗಲಿ. ಪವಾರಣದ ನಂತರದ ಒಂದು ತಿಂಗಳು ಭಿಕ್ಷುಗಳಿಗೆ ಚೀವರ, ಅಂದರೆ ಉಡುವ ವಸ್ತ್ರ, ದಾನ ಮಾಡುವ ಕಠಿನದ ಕಾಲ. ಹತ್ತಿರದಲ್ಲಿ ವಿಹಾರವಿಲ್ಲದವರು ಆ ತಿಂಗಳಲ್ಲಿ, ಅಡಿಕೆಯ ಕೊನೆ ಕೊಯ್ಲು ಶುರುವಾಗುವ ಮುಂಚೆ, ಮಳೆಯಲ್ಲಿ ತಮ್ಮ ತೋಟದ ಮರ ಹತ್ತಿದ ಕೊನೆಗಾರರ ಮನೆಗೆ ಹೊಸ ಕಂಬಳಿ ಕೊಡಬಹುದು. ಬಾಕಿ ಉಳಿದ ಕೂಲಿಯನ್ನು ಅದಕ್ಕಿಂತ ಮೊದಲೇ, ಬೇರೆಯಾಗಿ ಕೊಟ್ಟಿರಬೇಕು.